ಹಾಜರಿ ಪಟ್ಟಿಯ ಕೊನೆಯ ಹೆಸರು

ನರ್ಸಿಂಗ್ ಶಾಲೆಯ ಮೌಖಿಕ ಪರೀಕ್ಷೆಗೆ ಯಮುನಾಳ ಹೆಸರು ಪಟ್ಟಿಯ ಕೊನೆಯಲ್ಲಿತ್ತು. ಪುಸ್ತಕ ಮುಟ್ಟದೆ ತಿಂಗಳುಗಳೇ ಆಗಿದ್ದ ಅವಳಿಗೆ ಅದೊಂದೇ ಆಸರೆ. ಈ ಸಲವೂ ಫೇಲಾದರೆ ಓದು ಬಿಡಿಸುತ್ತೇನೆಂದು ಅಪ್ಪ ಹೇಳಿಯಾಗಿತ್ತು.

ಪರೀಕ್ಷೆ ಮುಗಿಸಿ ಯಾರು ಹೊರಬಂದರೂ ಅವಳು ತೋಳು ಹಿಡಿದು ನಿಲ್ಲಿಸುತ್ತಿದ್ದಳು.

"ಏನ್ ಕೇಳಿದ್ರೇ?"

"ಸುಟ್ಟ ಗಾಯಕ್ಕೆ ಮೊದಲು ಏನ್ ಮಾಡ್ತೀಯ ಅಂದ್ರು," ಎಂದಳು ನಸೀಮಾ. "ಯುದ್ಧಕಾಲೇ ಶಸ್ತ್ರಾಭ್ಯಾಸ ಅಂದ್ರೆ ನಿನ್ನನ್ನೇ ನೋಡ್ಬೇಕು ಮಾರಾಯ್ತಿ!"

"ಆಮೇಲೆ ಆಡ್ಕೊಳ್ಳುವೆಯಂತೆ, ಮೊದಲು ಉತ್ತರ ಹೇಳೇ."

ಹೀಗೆ ಮಧ್ಯಾಹ್ನದೊಳಗೆ ಇಪ್ಪತ್ತೆರಡು ಪ್ರಶ್ನೆಗಳಿಗೆ ಉತ್ತರ ಬಾಯಿಪಾಠವಾಯಿತು. ಅಜ್ಜಿಕತೆಯ ರಾಕ್ಷಸ ಗಿಳಿಯೊಳಗೆ ಜೀವ ಬಚ್ಚಿಟ್ಟಂತೆ, ತನ್ನ ಜೀವವನ್ನೆಲ್ಲ ಆ ಇಪ್ಪತ್ತೆರಡು ಉತ್ತರಗಳಲ್ಲಿಟ್ಟು ಯಮುನಾ ಒಳಗೆ ಹೋದಳು.

ಪರೀಕ್ಷಕರು ಕನ್ನಡಕ ಒರೆಸಿಕೊಳ್ಳುತ್ತ ಅಕ್ಕರೆಯಿಂದ ನಕ್ಕರು. "ಕೊನೆಯವಳು ನೀನೇ ಅಲ್ವೇನಮ್ಮ? ಅವರಿಗೆಲ್ಲ ಏನೇನ್ ಕೇಳ್ದೆ ಅಂತ ಗೊತ್ತಾಗಿರ್ಬೇಕು."

ಸುಳ್ಳು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. "ಹೂಂ ಸರ್."

"ಹಾಗಿದ್ರೆ, ಅವರ್ಯಾರಿಗೂ ನಾನು ಕೇಳದೆ ಬಿಟ್ಟಿರೋ ಪಾಠ ಒಂದನ್ನ ನೀನೇ ಆರಿಸ್ಕೊಂಡು ಹೇಳು, ಸಾಕು."