ಫಿರ್ಮಿನಾಳ ಮಗ

ಹಡಗಿನಿಂದ ಇಳಿದ ಮುದುಕಿಯನ್ನು ತೆಪ್ಪದವರು ಅಲೆಗಳ ನಡುವೆ ಎತ್ತಿಕೊಂಡು ಬಂದು ಫೊರ್ತಲೇಜಾ ಬಂದರಿನ ಮರಳಿನ ಮೇಲೆ ನಿಲ್ಲಿಸಿದರು. ಶಾಸಕ ಅನಾಕ್ಲೇತೊ ಟೋಪಿ ತೆಗೆದು ಹತ್ತಿರ ಹೋದ. ಮುದುಕಿ ಅವನನ್ನು ದಾಟಿ, ತೀರದಲ್ಲಿ ನಿಂತಿದ್ದ ತೆಪ್ಪದವರು, ಹಮಾಲರು, ಮೀನು ಮಾರುವವರು, ಎಲ್ಲರ ಮುಖಗಳನ್ನೂ ಒಂದೊಂದಾಗಿ ನೋಡುತ್ತಿದ್ದಳು.

"ಅವ್ವಾ, ನಾನು ಅನಾಕ್ಲೇತೊ."

"ಗೊತ್ತಾಯ್ತು ಚಿಕ್ಕ ಧಣಿ. ಥೇಟ್ ನಿಮ್ಮಪ್ಪನ ಮೂಗು."

"ಅಪ್ಪನದು ಮೂಗೊಂದೇ ಅವ್ವಾ," ಪಕ್ಕದಲ್ಲಿದ್ದ ಪತ್ರಿಕೆಯ ಸಂಪಾದಕ ಎರ್ಕುಲಾನೊ ನಕ್ಕ. "ಬಾಯಿ ಇವನದೇ. ಈ ಬಾಯಿಂದ ಅರ್ಧ ಪ್ರಾಂತ್ಯದ ಧಣಿಗಳಿಗೆ ನಿದ್ದೆ ಇಲ್ಲ."

ಸಿಯರಾ ಪ್ರಾಂತ್ಯದಲ್ಲಿ ಗುಲಾಮಗಿರಿ ರದ್ದಾಗಿ ಮೂರು ವಾರವಾಗಿತ್ತು. ದಕ್ಷಿಣದ ಕಾಫಿ ತೋಟಗಳಲ್ಲಿ ಅದಿನ್ನೂ ನಡೆದಿತ್ತು. ಅಲ್ಲಿಂದ ಫಿರ್ಮಿನಾಳನ್ನು ಹುಡುಕಿ ಬಿಡಿಸಿ ತರಲು ಅನಾಕ್ಲೇತೊಗೆ ಹನ್ನೊಂದು ವರ್ಷ ಹಿಡಿದಿತ್ತು. ಎದೆಹಾಲು ಕುಡಿಸಿ ಅವನನ್ನು ಸಾಕಿದವಳು ಅವಳೇ. ಅವನಿಗೆ ಹತ್ತು ತುಂಬಿದ ವರ್ಷ ಅಪ್ಪ ಅವಳನ್ನು ಮಾರಿ ಹಡಗು ಹತ್ತಿಸಿದ್ದ. ಅನಾಕ್ಲೇತೊ ಶಾಸನಸಭೆಗೆ ಹೋದದ್ದೂ, ಬಿಳಿಯರ ಮನೆಗಳ ಬಾಗಿಲು ತನಗೆ ಮುಚ್ಚಿದರೂ ಹಟ ಬಿಡದೆ ಹೋರಾಡಿದ್ದೂ ಆ ದಿನದ ಸಂಕಟದಿಂದ. "ಕರಿಯಳ ಹಾಲು ಕುಡಿದವನು ಇನ್ನೇನು ಮಾತಾಡಿಯಾನು" ಎಂದು ಸಭೆಯಲ್ಲಿ ಒಬ್ಬ ಹಂಗಿಸಿದಾಗ, "ಇಲ್ಲಿ ಯಾರ್ಯಾರು ಕುಡಿದಿಲ್ಲವೋ ಕೈ ಎತ್ತಿ" ಎಂದಿದ್ದ. ಒಂದು ಕೈಯೂ ಮೇಲೇಳಲಿಲ್ಲ.

ಮನೆಯಲ್ಲಿ ಅವಳನ್ನು ಊಟದ ಮೇಜಿನ ತುದಿಗೆ, ಅಪ್ಪ ಕೂರುತ್ತಿದ್ದ ಕುರ್ಚಿಯಲ್ಲಿ ಕೂರಿಸಿದ. ಮರಗೆಣಸಿನ ರೊಟ್ಟಿ, ತೆಂಗಿನ ಹಾಲು ಬಂದವು. ಕಾಫಿಯನ್ನು ಮಾತ್ರ ಅವಳು ದೂರ ತಳ್ಳಿದಳು. "ಮೂವತ್ತು ವರ್ಷ ಕಿತ್ತಿದೀನಿ ಧಣಿ. ವಾಸನೆ ಬಂದ್ರೆ ಬೆನ್ನು ನೋಯುತ್ತೆ."

"ಇನ್ನು ಧಣಿ ಅನ್ಬೇಡವ್ವಾ. ಸಂಜೆ ಥಿಯೇಟರಿನಲ್ಲಿ ದೊಡ್ಡ ಸಭೆ ಇದೆ. ಕರಿಯರ ಮಕ್ಕಳೂ ಬಿಳಿಯರ ಮಕ್ಕಳೂ ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಕೂರಬೇಕು ಅಂತ ಮಸೂದೆ ತಂದಿದೀನಿ. ನೀನು ವೇದಿಕೆ ಮೇಲೆ ಸುಮ್ಮನೆ ನನ್ನ ಪಕ್ಕ ಕೂತಿದ್ರೆ ಸಾಕು. ಆವತ್ತು ನಿನ್ನ ತೆಪ್ಪದ ಹಿಂದೆ ಎದೆಮಟ್ಟದ ನೀರಿನವರೆಗೆ ಓಡಿ ಬಂದೆನಲ್ಲ, ಅದನ್ನ ಹೇಳ್ತೀನಿ. ಎಲ್ಲಿ ಹೇಳಿದ್ರೂ ಜನ ಅಳ್ತಾರೆ."

ಮುದುಕಿ ಮುರಿದ ರೊಟ್ಟಿಯನ್ನು ತಟ್ಟೆಗೆ ಹಾಕಿದಳು. "ಇಬ್ಬರು ಓಡಿ ಬಂದ್ರಿ."

"ಇಬ್ಬರಾ?"

"ಮುಂದೆ ನೀವು, ಹಿಂದೆ ನನ್ನ ಜೆಫೆರಿನೊ. ನಿಮ್ಮನ್ನ ಆಳುಗಳು ಎತ್ಕೊಂಡು ಹೋದ್ರು. ಅವನನ್ನ ಯಾರೂ ಹಿಡೀಲಿಲ್ಲ. ಕತ್ತಿನ ಮಟ್ಟಕ್ಕೆ ಬಂದ. ಆಮೇಲೆ ಅಲೆ ಅಡ್ಡ ಬಂತು, ಕಾಣಲಿಲ್ಲ." ಅವಳು ಅವನತ್ತ ಬಾಗಿದಳು. "ಎಲ್ಲಿದಾನೆ ಧಣಿ? ನನ್ನನ್ನೇ ಹುಡುಕಿಸ್ತಿದೀರಿ ಅಂದ್ರೆ ಅವನು ನಿಮ್ಮ ಜೊತೆಗೇ ಇರ್ತಾನೆ ಅಂದ್ಕೊಂಡಿದ್ದೆ. ತೀರದಲ್ಲೂ ನೋಡಿದೆ."

ಅನಾಕ್ಲೇತೊಗೆ ಆಟದಲ್ಲಿ ಕುದುರೆಯಾಗಿ ಬಗ್ಗುತ್ತಿದ್ದ ಹುಡುಗ ನೆನಪಾದ. ತಾನು ತಿಂದು ಉಳಿಸಿದ್ದನ್ನು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದವನು. ಹನ್ನೊಂದು ವರ್ಷ ಊರೂರಿಗೆ ಕಾಗದ ಬರೆದು ಈ ತಾಯಿಯನ್ನು ಹುಡುಕಿದವನು, ಅವಳಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಗನೊಬ್ಬನಿದ್ದ ಎಂಬುದನ್ನು ಒಂದು ದಿನವೂ ನೆನೆದಿರಲಿಲ್ಲ.

"ಅಪ್ಪ ಅವನನ್ನ... ಒಳನಾಡಿಗೆ, ಅತ್ತೆಯ ದನದ ದೊಡ್ಡಿಗೆ ಕಳಿಸಿದ್ರು."

"ಮುಳುಗಲಿಲ್ಲ?"

"ಇಲ್ಲವ್ವಾ. ಆಮೇಲೆ ಏನಾದ ಅಂತ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ."

ಮುಳುಗಲಿಲ್ಲ, ಮುಳುಗಲಿಲ್ಲ ಎಂದು ಅವಳು ತನ್ನಷ್ಟಕ್ಕೆ ಎರಡು ಸಲ ಹೇಳಿಕೊಂಡಳು. ಆಗಲೇ ಎದ್ದು ನಿಂತು ಗಂಟು ಕೈಗೆತ್ತಿಕೊಂಡಿದ್ದಳು. ಅನಾಕ್ಲೇತೊನೂ ಎದ್ದು ಟೋಪಿ ತೆಗೆದುಕೊಂಡ.

"ಇವತ್ತೇ ಹೊರಟರೆ ಹೇಗಯ್ಯಾ?" ಜೊತೆಗೇ ಬಂದಿದ್ದ ಎರ್ಕುಲಾನೊ ಬಾಯಿ ಬಾಯಿ ಬಡಿದುಕೊಂಡ. "ಥಿಯೇಟರ್ ತುಂಬಿದೆ. ಮಸೂದೆ ಮತಕ್ಕೆ ಹಾಕೋಕೆ ಇನ್ನು ಹತ್ತೇ ದಿನ!"

"ಮತದ ದಿನಕ್ಕೆ ಬರ್ತೀನಿ. ಭಾಷಣ ಮೇಜಿನ ಮೇಲಿದೆ, ನೀನೇ ಓದು."

"ನನ್ನ ಗೊಗ್ಗರು ದನಿಗೆ ಯಾರು ಅಳ್ತಾರೆ?"

"ಅಳೋ ಭಾಗ ಹೊಡೆದುಹಾಕು. ಅದರಲ್ಲಿ ಅರ್ಧ ಕತೆಯೇ ಇಲ್ಲ."

ಇಬ್ಬರೂ ಅತ್ತೆಯ ದೊಡ್ಡಿಯತ್ತ ಹೊರಟು, ರೈಲು ಇದ್ದಷ್ಟು ದೂರ ರೈಲಿನಲ್ಲಿ ಹೋದರು. ಮರುದಿನ ಬೆಳಿಗ್ಗೆ ಎತ್ತಿನ ಗಾಡಿ ಹಿಡಿದರು. ಕಾರ್ನಾವುಬಾ ತಾಳೆಮರಗಳ ಕೆಂಪು ದಾರಿಯಲ್ಲಿ ಗಾಡಿ ಕುಲುಕುತ್ತ ಸಾಗಿದಾಗ, ಎದುರಿಗೆ ಕೂತ ಫಿರ್ಮಿನಾ ಕಣ್ಣು ಕೀಲಿಸಿದಂತೆ ಅವನನ್ನೇ ನೋಡತೊಡಗಿದಳು. ಆ ಕಣ್ಣುಗಳು ತನ್ನ ಮೇಲೆ ನಿಲ್ಲಲೆಂದು ಅವನು ಮೂವತ್ತೊಂದು ವರ್ಷ ಕಾದಿದ್ದ. ಅವಳು ಬಾಗಿ, ದೊರಗು ಅಂಗೈಯಲ್ಲಿ ಅವನ ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿದಳು. ಕಿವಿಯ ಮೇಲಿನ ಕೂದಲಲ್ಲಿ ಮೆಲ್ಲಗೆ ಬೆರಳಾಡಿಸಿದಳು. ಅನಾಕ್ಲೇತೊ ಕಣ್ಣು ಮುಚ್ಚಿಕೊಂಡ.

"ಏನವ್ವಾ?"

"ಅಲುಗಬೇಡ," ಎಂದಳು ಅವಳು, ಧಣಿ ಎನ್ನುವುದನ್ನೂ ಮರೆತು. "ಅವನು ನಿನಗಿಂತ ಎರಡೇ ತಿಂಗಳು ದೊಡ್ಡವನು. ಅವನಿಗೂ ಇಷ್ಟೇ ನರೆತಿರಬೇಕು. ಎದುರಿಗೆ ಬಂದ್ರೆ ಗುರುತು ಹತ್ತಬೇಕಲ್ಲ, ಅದಕ್ಕೆ ನೋಡ್ಕೊಳ್ತಿದೀನಿ."