ನೀಲಮ್ಮನ ಅಡೇನಿಯಂ ಗಿಡ ಮತ್ತು ಒಂದು ಚೊಂಬು ನೀರು

ಕೈಯಲ್ಲಿರುವ ಕೆಲಸ ಎರಡು ನಿಮಿಷ ಪಕ್ಕಕ್ಕಿಟ್ಟು ಇದನ್ನು ಓದಿ... ಕೆಲಸ ಹೇಗೂ ಎಲ್ಲಿಗೂ ಓಡಿಹೋಗುವುದಿಲ್ಲ.

ದಾವಣಗೆರೆಯ ನಮ್ಮ ಬೀದಿಯಲ್ಲಿ ನೀಲಮ್ಮ ಅಂತ ಒಬ್ಬರಿದ್ದಾರೆ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ.

ಬೆಳಿಗ್ಗೆ ಗಂಡನಿಗೆ ಸ್ನಾನ, ತಿಂಡಿ, ಮಾತ್ರೆ... ಆಮೇಲೆ ನೂರಿಪ್ಪತ್ತು ಮಕ್ಕಳಿಗೆ ಅನ್ನ, ಸಾರು... ಸಂಜೆ ಮತ್ತೆ ಗಂಡನ ಆರೈಕೆ. "ಸಾಕಾಯ್ತು" ಅನ್ನುವುದಕ್ಕೂ ಪುರುಸೊತ್ತಿಲ್ಲ.

ಗಂಡ ಚನ್ನವೀರಪ್ಪ ಬಸ್ ಡ್ರೈವರ್ ಆಗಿದ್ದವರು. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ತೊದಲು. ಹಗಲೆಲ್ಲ ಜಗಲಿಯ ಕುರ್ಚಿಯಲ್ಲೇ ಕೂತಿರುತ್ತಿದ್ದರು.

ಕುರ್ಚಿಯ ಪಕ್ಕದ ಕುಂಡದಲ್ಲಿ ಒಂದು ಅಡೇನಿಯಂ. ದಪ್ಪ ಬುಡ, ಗುಲಾಬಿ ಬಣ್ಣದ ಹೂ. ಕಾಯಿಲೆ ಬೀಳುವ ಮೊದಲು ಅವರೇ ಆಸೆಪಟ್ಟು ತಂದ ಗಿಡ.

ಈಗ ಅದರ ಎಲೆಗಳು ಹಳದಿಯಾಗಿ ಉದುರುತ್ತಿದ್ದವು... ಬುಡ ಒತ್ತಿದರೆ ಮೆತ್ತಗೆ.

'ಇದು ಹೋದರೆ ಇವರೂ ಏಳುವುದಿಲ್ಲ' ಎಂಬ ಭಯ ನೀಲಮ್ಮನಿಗೆ ಹಿಡಿಯಿತು. ಕುಂಡ ಹೊತ್ತುಕೊಂಡು ನರ್ಸರಿಯ ಬುಡೇನ್ ಸಾಬರ ಹತ್ತಿರ ಹೋದರು.

ಸಾಬರು ಮಣ್ಣಿಗೆ ಬೆರಳಿಟ್ಟು ನೋಡಿದರು. "ನೀರು ಜಾಸ್ತಿ ಆಗೈತಿ ಅಕ್ಕಾ. ಇದು ಬುಡದಾಗೇ ನೀರು ಕೂಡಿಟ್ಕೊಳ್ಳೋ ಗಿಡ. ಮಣ್ಣು ಒಣಗಾಕೆ ಬಿಡ್ಬೇಕು."

"ಸೋಮವಾರ ಒಂದು ಸಲ ಹಾಕ್ತೀನ್ರಿ, ಅಷ್ಟೇ!"

"ಇಲ್ಲಕ್ಕಾ... ದಿನಾ ನೀರು ಬೀಳ್ತೈತಿ ಇದಕ್ಕೆ."

ನೀಲಮ್ಮನಿಗೆ ರೇಗಿತು. ದುಡಿದು ದುಡಿದು ಸಾಯುವವಳ ಮೇಲೆ ಇದೊಂದು ಅಪವಾದ ಬೇರೆ!

ಮರುದಿನ ಶಾಲೆಗೆ ದಿಢೀರನೆ ಅರ್ಧ ದಿನ ರಜೆ ಸಿಕ್ಕಿತು. ಮನೆಗೆ ಬಂದು ಗೇಟು ತೆಗೆದವರು ಅಲ್ಲೇ ನಿಂತುಬಿಟ್ಟರು.

ಚನ್ನವೀರಪ್ಪ ಕುರ್ಚಿಯ ಅಂಚಿಗೆ ಜರುಗಿ, ಎಡಗೈಯಲ್ಲಿ ನಡುಗುವ ಚೊಂಬು ಹಿಡಿದು, ಗಿಡಕ್ಕೆ ನೀರು ಹಾಕುತ್ತಿದ್ದರು. ಅರ್ಧ ಕುಂಡಕ್ಕೆ... ಅರ್ಧ ಲುಂಗಿಗೆ.

ಅದು ಅವರು ಕುಡಿಯಲೆಂದು ನೀಲಮ್ಮ ದಿನಾ ಇಟ್ಟುಹೋಗುವ ನೀರು! ಖಾಲಿ ಚೊಂಬು ನೋಡಿ, 'ಸದ್ಯ, ಕುಡಿದಿದ್ದಾರೆ' ಅಂತ ಇಷ್ಟು ದಿನ ಸಮಾಧಾನಪಟ್ಟುಕೊಂಡಿದ್ದರು.

"ರೀ! ನೀವೇ ಏನ್ರೀ ಇದನ್ನ ಕೊಲ್ತಿರೋದು?"

ಬೆಚ್ಚಿಬಿದ್ದ ಅವರ ಕೈಯಿಂದ ಚೊಂಬು ಜಾರಿತು. ತುಂಬ ಹೊತ್ತು ತುಟಿ ಆಡಿಸಿ, ಕಷ್ಟಪಟ್ಟು ಹೇಳಿದರು...

"ನಿಂಗೆ... ಒಂದು ಕೆಲ್ಸ... ಕಮ್ಮಿ ಆಗ್ಲಿ ಅಂತ..."

ನೀಲಮ್ಮ ಒದ್ದೆ ನೆಲದ ಮೇಲೇ ಕೂತುಬಿಟ್ಟರು. ತನ್ನ ದಣಿವು ಇವರಿಗೆ ಕಾಣುವುದೇ ಇಲ್ಲ ಅಂದುಕೊಂಡಿದ್ದರು. ಎಂಟು ತಿಂಗಳು ತಡೆದಿಟ್ಟಿದ್ದ ಅಳು ಒಮ್ಮೆಲೇ ಬಂತು.

ಆ ವಾರ ಇಬ್ಬರೂ ಸೇರಿ ಗಿಡದ ಕೊಳೆತ ಭಾಗ ಕೊಯ್ದು ತೆಗೆದರು. ನೀಲಮ್ಮನ ಕೈಯಲ್ಲಿ ಚಾಕು... ಗಿಡ ಹಿಡಿದದ್ದು ಚನ್ನವೀರಪ್ಪನವರ ಎಡಗೈ. ನೆರಳಲ್ಲಿ ಒಣಗಿಸಿ, ಮರಳು ಬೆರೆಸಿದ ಮಣ್ಣಿಗೆ ನೆಟ್ಟರು.

"ಸೋಮವಾರದ ನೀರು ಇನ್ಮೇಲೆ ನಿಮ್ದು. ಬೆಳ್ಳುಳ್ಳಿ ಸುಲಿಯೋದೂ ನಿಮ್ದೇ. ಆದ್ರೆ ಚೊಂಬಿನ ನೀರು ಮಾತ್ರ ನೀವೇ ಕುಡೀಬೇಕು!" ಅಂದರು ನೀಲಮ್ಮ.

ಹೂ ಇನ್ನೂ ಬಿಟ್ಟಿಲ್ಲ. ಎರಡು ಎಲೆ ಬಂದಿವೆ, ಅಷ್ಟೇ.

ಆದರೆ ಚನ್ನವೀರಪ್ಪ ಎಡಗೈಯಲ್ಲೇ ನಿಧಾನವಾಗಿ ಬೆಳ್ಳುಳ್ಳಿ ಸುಲಿಯುವಷ್ಟು ಹೊತ್ತು, ಪಕ್ಕದಲ್ಲೇ ಕೂತು ನೀಲಮ್ಮ ಬಿಸಿಬಿಸಿ ಟೀ ಕುಡಿಯುತ್ತಾರೆ...

*ಎಲ್ಲ ಭಾರವನ್ನೂ ಒಬ್ಬರೇ ಹೊರಬೇಡಿ. ಕೈಲಾಗದವರಿಗೂ ಕೈಲಾಗುವಂಥ ಒಂದು ಕೆಲಸ ಕೊಡಿ.*

ನಿಮ್ಮ ಮನೆಯಲ್ಲೂ ನಿಮ್ಮ ದಣಿವನ್ನು ಸುಮ್ಮನೆ ನೋಡುತ್ತಾ ಕೂತಿರುವವರು ಇದ್ದಾರಲ್ಲವೇ... ಅವರ ಕೈಗೆ ಇವತ್ತು ಏನು ಕೊಡುತ್ತೀರಿ?