ಬಾಲದ ಬುಡದ ಪಾಲು

ಬುರ್ಮಾಕಾನ್‌ಗೆ ಎಪ್ಪತ್ತೊಂದು ವರ್ಷ ಎಂಬುದು ಶುದ್ಧ ಸುಳ್ಳು. ಇನ್ನು ಹತ್ತು ನಿಮಿಷದಲ್ಲಿ ಅದು ಮೂರು ಲಕ್ಷ ಜನರ ಎದುರು ಬಯಲಾಗಲಿತ್ತು. ಹಬ್ಬದ ಮನೆಯ ಹೆಂಗಸರ ಕೋಣೆಯಲ್ಲಿ ಚೋಲ್ಪೋನ್ ಫೋನನ್ನು ಚಹಾದ ಕೆಟಲಿಗೆ ಒರಗಿಸಿ, ಅದರ ಕಣ್ಣನ್ನು ಬುರ್ಮಾಕಾನ್ ಕಡೆ ತಿರುಗಿಸಿ, ನೇರಪ್ರಸಾರದ ಗುಂಡಿ ಒತ್ತಿದಳು.

ಎದುರಿಗೆ ಕೂತ ಬುರ್ಮಾಕಾನ್ ಬೋರ್ಸೋಕ್ ಎಂಬ ಕರಿದ ಹಿಟ್ಟಿನುಂಡೆಯೊಂದನ್ನು ಬೆಣ್ಣೆಯಲ್ಲಿ ಮುಳುಗಿಸಿ ಬಾಯಿಗೆ ಹಾಕಿಕೊಂಡಳು. ಅದು ಏಳನೆಯದು. ಚೋಲ್ಪೋನ್ ಲೆಕ್ಕ ಇಟ್ಟಿದ್ದಳು. ಬುರ್ಮಾಕಾನ್‌ಳ ಕೆನ್ನೆ ಕೆಂಪಗೆ, ಕೂದಲು ಕಪ್ಪಗೆ, ಸೊಂಟ ನೆಟ್ಟಗೆ. ನಲವತ್ತರ ಮೇಲೆ ಒಂದು ದಿನವೂ ಹೇಳುವಂತಿರಲಿಲ್ಲ.

ಚೋಲ್ಪೋನ್ ರಾಜಧಾನಿ ಬಿಷ್ಕೆಕ್‌ನ ಆಹಾರ ಕಂಪನಿಯೊಂದರ ಪಥ್ಯತಜ್ಞೆ. ಕಂಪನಿಯ ಹಸಿರು ಪುಡಿಯ ಡಬ್ಬಿಯ ಮೇಲಿರುವುದು ಅವಳದೇ ಮುಖ. ಮೂರು ವರ್ಷದಿಂದ ಬೆಳಿಗ್ಗೆ ಪುಡಿ, ಮಧ್ಯಾಹ್ನ ಪುಡಿ, ರಾತ್ರಿ ಉಪ್ಪಿಲ್ಲದೆ ಬೇಯಿಸಿದ ಹೂಕೋಸು. ನಲವತ್ತಮೂರಕ್ಕೆ ಇಪ್ಪತ್ತೈದರ ಹೊಳಪು ಎಂದು ಅವಳ ವಿಡಿಯೋಗಳ ಕೆಳಗೆ ಜನ ಬರೆಯುತ್ತಿದ್ದರು. ಕನ್ನಡಿಯ ಸಹವಾಸವನ್ನು ಅವಳು ಬಿಟ್ಟು ಎಷ್ಟೋ ಕಾಲವಾಗಿತ್ತು. ಫೋನಿನ ಫಿಲ್ಟರಿನಲ್ಲಿ ಮುಖ ಅಷ್ಟು ಚೆನ್ನಾಗಿ ಕಾಣುವಾಗ ಕನ್ನಡಿ ಯಾರಿಗೆ ಬೇಕು?

ಅಷ್ಟರಲ್ಲಿ ನರಿನ್ ಬೆಟ್ಟಸೀಮೆಯ ಈ ಹಳ್ಳಿಯಿಂದ ಬುರ್ಮಾಕಾನ್ ಎಲ್ಲರ ಫೋನಿನಲ್ಲಿ ವಕ್ಕರಿಸಿದಳು. ಹಿಟ್ಟು ನಾದುತ್ತ ಫೋನಿಗೆ ಹೇಳುವುದು ಒಂದೇ ಮಾತು: "ಎಪ್ಪತ್ತೊಂದಾಯ್ತು ಕಣ್ರೇ. ಕುರಿ ಬಾಲದ ಕೊಬ್ಬು ತಿಂದೆ, ಕುದುರೆ ಹಾಲು ಕುಡಿದೆ. ಅಷ್ಟೇ." ಅಷ್ಟಕ್ಕೇ ದೇಶಕ್ಕೆ ದೇಶವೇ ಮರುಳಾಯಿತು. ಪುಡಿಯ ಡಬ್ಬಿಗಳು ಅಂಗಡಿಗಳಿಂದ ವಾಪಸು ಬರತೊಡಗಿದವು.

"ಶುಕ್ರವಾರದೊಳಗೆ ಅವಳ ಬಂಡವಾಳ ಬಯಲು ಮಾಡು," ಎಂದಿದ್ದ ಕಂಪನಿಯ ಯಜಮಾನ. "ಇಲ್ಲಾಂದ್ರೆ ಡಬ್ಬಿ ಮೇಲಿಂದ ನಿನ್ನ ಮುಖ ತೆಗೆಸ್ತೀನಿ."

ಇವತ್ತೇ ಶುಕ್ರವಾರ. ಆ ಡಬ್ಬಿಯ ಮುಖ ಹೋದರೆ ಚೋಲ್ಪೋನ್‌ಗೆ ಬೇರೆ ಮುಖವೇ ಇರಲಿಲ್ಲ.

ದಾರಿಯುದ್ದಕ್ಕೂ ಶುಭಶಕುನಗಳೇ ಆದವು. ತುಂಬಿದ ವ್ಯಾನಿನಲ್ಲಿ ಹೆಂಗಸೊಬ್ಬಳು ಎದ್ದು ಸೀಟು ಬಿಟ್ಟುಕೊಟ್ಟಳು. ಚಾಲಕ ತಾನೇ ಇಳಿದು ಬಂದು ಕೈಹಿಡಿದು ಇಳಿಸಿದ. ಹಬ್ಬದ ಮನೆಯ ಸೊಸೆ ಬೆನ್ನಿಗೆ ಎರಡು ದಿಂಬು ಇಟ್ಟು, "ಬ್ರೆಡ್ ಚಹಾದಲ್ಲಿ ನೆನೆಸಿ ಕೊಡ್ಲಾ ಅಮ್ಮಾ?" ಎಂದು ಕೇಳಿದಳು. ಪ್ರಸಿದ್ಧಿ ಎಂದರೆ ಇದು, ಹಳ್ಳಿಯವರೂ ಗುರುತಿಸುತ್ತಾರೆ ಎಂದು ಚೋಲ್ಪೋನ್ ಉಬ್ಬಿಹೋದಳು.

ಬುರ್ಮಾಕಾನ್ ಅಂತೂ ಬಾಗಿಲಲ್ಲೇ ಸಿಕ್ಕಿಬಿದ್ದಿದ್ದಳು. "ಬನ್ನಿ ಅಕ್ಕಾ, ಬನ್ನಿ," ಎಂದು ತಬ್ಬಿಕೊಂಡಿದ್ದಳು. ಅಕ್ಕಾ! ನಲವತ್ತಮೂರರವಳನ್ನು ಎಪ್ಪತ್ತೊಂದರವಳು ಅಕ್ಕ ಅನ್ನುತ್ತಾಳೆಯೇ? ಕಳ್ಳಿ ವೇಷ ಮರೆತಿದ್ದಳು. ಹಾಗಾದರೆ ಮೂವತ್ತೆಂಟೋ ನಲವತ್ತೋ ಇರಬೇಕು.

ಆದರೂ ಬಾಯಿಮಾತು ಸಾಕ್ಷಿಯಾಗದು. ಹುಟ್ಟಿದ ದಾಖಲೆ ತೋರಿಸೆಂದರೆ ನಕಲಿ ತೋರಿಸಬಹುದು. ಸುಳ್ಳು ನಡೆಯದ ಜಾಗ ಒಂದೇ, ಮಾಂಸ ಹಂಚುವ ಪಂಕ್ತಿ. ಕುರಿ ಬೆಂದ ಮೇಲೆ ಪ್ರತಿ ಮೂಳೆಗೂ ಒಂದು ವಯಸ್ಸಿದೆ. ಹೆಂಗಸರ ಕೋಣೆಯಲ್ಲಿ ಬಾಲದ ಬುಡದ ಪಾಲು ಎಲ್ಲರಿಗಿಂತ ಹಿರಿಯಳಿಗೆ, ಮುಂಗಾಲು ಎಲ್ಲರಿಗಿಂತ ಕಿರಿಯಳಿಗೆ. ಇವತ್ತು ಬುರ್ಮಾಕಾನ್‌ಳ ನೆರೆಮನೆಯ ಮಗು ಮೊದಲ ಹೆಜ್ಜೆಯಿಟ್ಟ ಹಬ್ಬ; ಊರೆಲ್ಲ ಇಲ್ಲೇ. ಕೋಣೆಯಲ್ಲಿ ಬುರ್ಮಾಕಾನ್ ಬಿಟ್ಟು ಊರಿನ ಉಳಿದ ಹೆಂಗಸರಲ್ಲಿ ಯಾರೂ ಅರವತ್ತೈದು ದಾಟಿಲ್ಲ ಎಂದು ಚೋಲ್ಪೋನ್ ಮೊದಲೇ ವಿಚಾರಿಸಿಕೊಂಡಿದ್ದಳು. ಬುರ್ಮಾಕಾನ್ ಹೇಳಿದ್ದು ನಿಜವಾದರೆ ಆ ತಟ್ಟೆ ಅವಳ ಮುಂದೆ ನಿಲ್ಲಬೇಕು. ನಿಲ್ಲದಿದ್ದರೆ ಅವಳ ಕಥೆ ಮುಗಿಯಿತು.

ಪಾಲು ಹಂಚುವ ಎಸೆನ್‌ಕುಲ್‌ನನ್ನೂ ಚೋಲ್ಪೋನ್ ಅಂಗಳದಲ್ಲಿ ಮಾತಾಡಿಸಿದ್ದಳು. ಅರವತ್ತರ ಆಸುಪಾಸಿನ ಗಂಭೀರ ಮನುಷ್ಯ.

"ಹೆಸರುವಾಸಿ ಆದೋರು, ದೂರದಿಂದ ಬಂದೋರು ಅಂತ ಪಾಲು ಬದಲಾಯಿಸ್ತೀರಾ?"

"ಛೆ, ಎಲ್ಲಾದ್ರೂ ಉಂಟಾ! ಮಂತ್ರಿ ಬಂದು ಕೂತ್ರೂ ಅಷ್ಟೇ. ವಯಸ್ಸು ನೋಡಿ ಮೂಳೆ."

"ತಪ್ಪಿದ್ದುಂಟಾ?"

"ನಲವತ್ತು ವರ್ಷದಿಂದ ಹಂಚ್ತಿದೀನಿ ಅಮ್ಮಾ. ಊರೋರ ವಯಸ್ಸು ಬಾಯಿಪಾಠ, ಹೊರಗಿನೋರದ್ದು ಕಣ್ಣಳತೆ. ಒಂದು ಸಲಾನೂ ತಪ್ಪಿಲ್ಲ." ಅಷ್ಟು ಹೇಳಿ, "ಚಳಿ ಇದೆ, ಒಳಗೆ ಹೋಗಿ," ಎಂದು ತನ್ನ ಕೋಟನ್ನೇ ಅವಳಿಗೆ ಹೊದಿಸಿದ್ದ.

ಈಗ ಬಾಗಿಲು ತೆರೆಯಿತು. ಹಬೆಯಾಡುವ ತಟ್ಟೆಗಳ ಹಿಂದೆ ಎಸೆನ್‌ಕುಲ್ ಬಂದ. ಅವನ ಕೈಯಲ್ಲಿದ್ದದ್ದೇ ಬಾಲದ ಬುಡದ ಪಾಲು. ಕೊಬ್ಬು ತಟ್ಟೆಯ ಅಂಚಿನಲ್ಲಿ ಅಲುಗಾಡುತ್ತಿತ್ತು.

ಚೋಲ್ಪೋನ್ ಫೋನಿನ ಕಡೆ ಬಾಗಿ ಪಿಸುಗುಟ್ಟಿದಳು. "ಎಲ್ಲರೂ ಕಣ್ಬಿಟ್ಟು ನೋಡ್ತಿರಿ. ಆ ತಟ್ಟೆ ಎಲ್ಲಿ ನಿಲ್ಲತ್ತೆ ಅನ್ನೋದನ್ನ ಮಾತ್ರ ನೋಡಿ."

ಬುರ್ಮಾಕಾನ್ ತೋಳೇರಿಸಿಕೊಂಡು, ಕೈಯೊರೆಸಿಕೊಂಡು ಸಿದ್ಧಳಾದಳು. ಎಸೆನ್‌ಕುಲ್ ಅವಳ ಎದುರಿಗೆ ಬಂದ. ನಿಂತ. ಅವಳನ್ನೊಮ್ಮೆ ನೋಡಿದ. ಏನೋ ತಪ್ಪಾಯಿತೆನ್ನುವಂತೆ ತಲೆಯಾಡಿಸಿ ಮುಂದೆ ನಡೆದ.

ದಾಟಿಹೋದ! ಚೋಲ್ಪೋನ್‌ಗೆ ಕುಣಿಯುವಷ್ಟು ಸಂತೋಷವಾಯಿತು. ಮೂರು ವರ್ಷ ತಿಂದ ಹೂಕೋಸು ಸಾರ್ಥಕವಾಯಿತು ಅನ್ನಿಸಿತು. "ನೋಡಿದ್ರಾ?" ಎಂದು ಕಿರುಚಿ ಫೋನನ್ನು ಎತ್ತಿ ಹಿಡಿದಳು. "ಎಲ್ಲರೂ ನೋಡಿದ್ರಲ್ಲಾ? ಈ ಕೋಣೇಲಿ ಹಿರಿಯಳು ಇವಳಲ್ಲ!"

"ಅಲ್ಲವೇ ಅಲ್ಲ," ಎಂದು ಬುರ್ಮಾಕಾನ್ ಬೇಸರವಿಲ್ಲದೆ ಒಪ್ಪಿಕೊಂಡು ಎಂಟನೆಯ ಬೋರ್ಸೋಕ್‌ಗೆ ಕೈಹಾಕಿದಳು.

ಎಸೆನ್‌ಕುಲ್ ಚೋಲ್ಪೋನ್‌ಳ ಮುಂದೆ ಮಂಡಿಯೂರಿ, ತಟ್ಟೆಯನ್ನು ಎರಡೂ ಕೈಯಲ್ಲಿ ಅವಳ ಮಡಿಲಿಗಿಟ್ಟ. "ತಗೊಳ್ಳಿ ಅಜ್ಜಿ. ಪ್ರತಿ ಸಲ ಇದು ಬುರ್ಮಾಕಾನ್ ಅಕ್ಕನ ಪಾಲು, ಆದ್ರೆ ಅವಳಿಗೆ ಇನ್ನೂ ಎಪ್ಪತ್ತೊಂದೇ."